ಮಾವನ ಆಸನಕ್ಕೆ ಜರಿಯ ಕಡವೆ

"ಈ ಸಲ ಅಂಗಡಿ ಸಾಮಾನು ಇಲ್ಲ! ಮಾವನ ಎಂಬತ್ತರ ಹುಟ್ಟುಹಬ್ಬಕ್ಕೆ ನನ್ನ ಕೈಯಾರೆ ಕಸೂತಿ ಹಾಕಿ ಕೊಡ್ತೀನಿ!"

ಓಸ್ಮೊ ಹೀಗೆ ಭೀಷ್ಮಪ್ರತಿಜ್ಞೆ ಮಾಡಿದಾಗ ಅವನ ಹೆಂಡತಿ ಸಿರ್ಕ್ಕಾ ಪುಟ್ಟ ಮೀನುಗಳನ್ನು ರೈ ಧಾನ್ಯದ ಹಿಟ್ಟಿನಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಹುರಿಯುತ್ತಿದ್ದಳು. ಒಂದು ಮೀನು ಅವಳ ಕೈಯಿಂದ ಜಾರಿ ಒಲೆಯ ಮೇಲೆ ಬಿತ್ತು.

"ಕೈಯಾರೆ ಅಂದ್ರೆ?"

"ಅಂದ್ರೆ, ನಿನ್ನ ಎಂಬ್ರಾಯ್ಡರಿ ಮಷೀನಲ್ಲಿ."

"ಕೋಟಿನ ಗುಂಡಿ ಹೊಲೀತೀನಿ ಅಂತ ಕೂತು ಜೇಬಿನ ಬಾಯಿಯನ್ನೇ ಮುಚ್ಚಿ ಹೊಲಿದೋನು ನೀನು. ನನ್ನ ಮಷೀನು ಮುಟ್ಟಬೇಡ."

"ಅದು ಸೂಜಿ ಕೆಲಸ, ಕೈಯಲ್ಲಿ ಮಾಡೋದು. ಇದು ಯಂತ್ರ! ಯಂತ್ರಕ್ಕೆ ಬೇಕಾದ್ದು ಕೈಯಲ್ಲ, ತಲೆ!"

"ಅದಕ್ಕೇ ಭಯ," ಎಂದಳು ಸಿರ್ಕ್ಕಾ.

ಓಸ್ಮೊನ ಹಟಕ್ಕೆ ಕಾರಣವಿತ್ತು. ಅವನ ಮಾವ ಯಾಲ್ಮಾರಿ ಮಾತಿನಲ್ಲಿ ಮಹಾ ಜಿಪುಣರು. ಹಿರಿಯಳಿಯನ ಬಗ್ಗೆ ಅವರಿಗಿದ್ದ ಅಭಿಪ್ರಾಯವೆಲ್ಲ ಮದುವೆಯ ದಿನದಿಂದ ಇಂದಿನವರೆಗೆ "ಹ್ಮ್" ಎಂಬ ಒಂದೇ ಹೂಂಕಾರದಲ್ಲಿ ಅಡಗಿ ಕೂತಿತ್ತು. ಫಿನ್ಲೆಂಡಿನ ಎಷ್ಟೋ ಮನೆಗಳಂತೆ ಅವರಿಗೂ ಸರೋವರದ ದಂಡೆಯಲ್ಲಿ ಒಂದು ಮರದ ಸೌನಾ, ಅಂದರೆ ಹಬೆಸ್ನಾನದ ಕೋಣೆ, ಇದೆ. ಪ್ರತಿ ಶನಿವಾರ ಮನೆಯ ಗಂಡಸರೆಲ್ಲ ಅಲ್ಲಿ ಸೇರಿ, ಕಾದ ಕಲ್ಲಿಗೆ ನೀರೆರಚಿ, ಏಳುವ ಹಬೆಯಲ್ಲಿ ಮೈ ಬೆವರಿಸಿಕೊಳ್ಳಬೇಕು. ಕೂರಲು ಮೆಟ್ಟಿಲ ಹಾಗೆ ಮೂರು ಹಲಗೆಗಳು. ಎಲ್ಲಕ್ಕಿಂತ ಮೇಲಿನದರಲ್ಲಿ ಶಾಖ ಹೆಚ್ಚು, ಗೌರವವೂ ಹೆಚ್ಚು. ಅಲ್ಲಿ ಯಾಲ್ಮಾರಿ ಕೂರುತ್ತಾರೆ. ಅವರ ಪಕ್ಕದಲ್ಲಿ ಅವರಣ್ಣ ಏವೆರ್ತ್ತಿ ಕೂರುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಜಾಗ ಖಾಲಿ. ನಡು ಹಲಗೆಯಲ್ಲಿ ಕಿರಿಯಳಿಯ ರೈಮೊ ಕೂರುತ್ತಾನೆ. ಅವನು ಬೇಟೆಗಾರ, ಬಡಗಿ, ಮಾವನ ದೋಣಿಗೆ ಹೊಸ ಹುಟ್ಟು ಮಾಡಿಕೊಟ್ಟವನು. ಇನ್ನು ಓಸ್ಮೊ? ಐವತ್ತು ದಾಟಿದ, ತಲೆ ಬೋಳಾದ, ಪಟ್ಟಣದ ವಿಮಾ ಕಚೇರಿಯಲ್ಲಿ ಸ್ವಂತ ಕೋಣೆಯಿರುವ ಓಸ್ಮೊ ಕೂರುವುದು ಕೆಳಗಿನ ಹಲಗೆಯಲ್ಲಿ, ನೀರಿನ ಬಕೆಟ್ಟಿನ ಪಕ್ಕದಲ್ಲಿ. ಆ ಮನೆಯ ಮಕ್ಕಳು ಶಾಖ ತಡೆಯಲು ಕಲಿಯುವವರೆಗೆ ಕೂರುವ ಜಾಗ ಅದು!

ಈಸ್ಟರ್ ಹಬ್ಬದ ದಿನ ಯಾಲ್ಮಾರಿ ಇದ್ದಕ್ಕಿದ್ದಂತೆ ಬಾಯಿ ಬಿಟ್ಟಿದ್ದರು. "ಅಣ್ಣನ ಜಾಗ ಎಷ್ಟು ದಿನ ಖಾಲಿ ಬಿಡೋದು. ಎಂಬತ್ತಾದ ದಿನ ನಿಮ್ಮಿಬ್ಬರಲ್ಲಿ ಒಬ್ಬನ್ನ ಮೇಲೆ ಕರೀತೀನಿ. ನೀರೆರಚೋ ಸೌಟೂ ಅವನಿಗೇ."

ಅಂದಿನಿಂದ ಓಸ್ಮೊನಿಗೆ ಕಚೇರಿಯ ಕುರ್ಚಿಯೂ ಕೆಳಗಿನ ಹಲಗೆಯ ಹಾಗೆ ಕಾಣತೊಡಗಿತು. ಬಡಗಿ ಕೆಲಸದಲ್ಲಿ ರೈಮೊನನ್ನು ಗೆಲ್ಲುವುದು ಆಗದ ಮಾತು. ಬೇಟೆಗೆ ಹೋದರೆ ಓಸ್ಮೊ ಮೊದಲು ಹುಡುಕುವುದು ವಾಪಸು ಬರುವ ದಾರಿಯನ್ನು. ಹಾಗಾಗಿ ಅವನ ತಲೆಗೆ ಹೊಳೆದದ್ದು ಆಸನವಸ್ತ್ರ. ಸೌನಾದಲ್ಲಿ ಯಾರೂ ಬರಿಯ ಹಲಗೆಯ ಮೇಲೆ ಕೂರುವುದಿಲ್ಲ, ಬೆತ್ತಲೆ ಮೈಯ ಅಡಿಗೆ ಒಂದು ತುಂಡು ನಾರುಬಟ್ಟೆ ಹಾಸಿಕೊಳ್ಳುತ್ತಾರೆ. ಮಾವನದು ಹಿಟ್ಟಿನ ಚೀಲ ಹರಿದು ಮಾಡಿದ ಹಾಗಿತ್ತು. ಅದರ ಬದಲಿಗೆ ಅಪ್ಪಟ ಬಿಳಿ ನಾರುಬಟ್ಟೆ, ಅದರ ನಡುವೆ ಮಾವನ ಬೇಟೆಗಾರರ ಸಂಘದ ಲಾಂಛನವಾದ ಕಡವೆಯ ತಲೆ, ಆಚೆಗೊಂದು ಈಚೆಗೊಂದು ಕವಲೊಡೆದ ಕೊಂಬು. ಅದೂ ನೂಲಿನಲ್ಲಲ್ಲ, ಬಂಗಾರದ ಬಣ್ಣದ ಜರಿಯಲ್ಲಿ! ರಾಜಾಧಿರಾಜರಿಗೂ ಇಲ್ಲದ ಪೀಠಾಲಂಕಾರ!

ಇದನ್ನೆಲ್ಲ ಸಿರ್ಕ್ಕಾಗೆ ಹೇಳುವ ಹಾಗಿರಲಿಲ್ಲ. ಹೇಳಿದರೆ ಅವಳು ಅಮ್ಮನಿಗೆ ಫೋನು ಮಾಡುತ್ತಾಳೆ, ಅಮ್ಮ ರೈಮೊನ ಹೆಂಡತಿಗೆ ಹೇಳುತ್ತಾರೆ, ಮರುದಿನ ರೈಮೊ ವಜ್ರಖಚಿತ ಬಕೆಟ್ಟನ್ನೇ ತಂದಾನು. "ಗೋಡೆಗೆ ತೂಗುಹಾಕೋ ಬಟ್ಟೆ," ಎಂದು ಒಂದು ಸುಳ್ಳು ಬಿಟ್ಟ. ಮುಂದಿನ ಅನಾಹುತಕ್ಕೆಲ್ಲ ಈ ಸುಳ್ಳೇ ಬೀಜ.

ಸಿರ್ಕ್ಕಾ ಮಷೀನಿನ ಕೈಪಿಡಿಯನ್ನು ಅವನ ಮುಂದೆ ಕುಕ್ಕಿದಳು. "ಮೊದಲು ಇದನ್ನ ಓದು, ಪುಣ್ಯಾತ್ಮ."

ಓಸ್ಮೊ ನಕ್ಕುಬಿಟ್ಟ. ಕಚೇರಿಯಲ್ಲಿ ಸುಟ್ಟ ಇಸ್ತ್ರಿಪೆಟ್ಟಿಗೆ, ಸಿಡಿದ ಕಾಫಿಯಂತ್ರ ಹಿಡಿದು ಪರಿಹಾರ ಕೇಳಲು ಬಂದವರಿಗೆಲ್ಲ ಅವನು ಹಾಕುತ್ತಿದ್ದ ಮೊದಲ ಪ್ರಶ್ನೆ, "ಕೈಪಿಡಿ ಓದಿದ್ರಾ?" ಅವರೆಲ್ಲ ಅಪಘಾತವಾದ ಮೇಲೆಯೇ ಕೈಪಿಡಿ ಹಿಡಿದುಕೊಂಡು ಬರುತ್ತಿದ್ದರಿಂದ, ಕೈಪಿಡಿ ಎಂದರೆ ಅಪಘಾತದ ನಂತರ ಓದುವ ಗ್ರಂಥ ಎಂದು ಅವನಿಗೆ ಮನವರಿಕೆಯಾಗಿತ್ತು.

ಬಟ್ಟೆಯನ್ನು ಬಿಗಿಹಿಡಿಯುವ ಮಷೀನಿನ ರಿಂಗಿಗೆ ಸಿಕ್ಕಿಸಿದ. ತಮಟೆಯ ಚರ್ಮದಂತೆ ಬಿಗಿಯಾಗಿರಬೇಕಿದ್ದ ಬಟ್ಟೆ ಒಗೆದು ಒಣಹಾಕಿದ ಪಾಯಿಜಾಮದಂತೆ ಜೋತುಬಿದ್ದಿತ್ತು. ಅಡಿಗೆ ದಪ್ಪ ಕಾಗದ ಕೊಡಬೇಕೆಂಬುದು ಅವನಿಗೆ ಗೊತ್ತಿರಲಿಲ್ಲ. ಮಷೀನಿಗೆ ಕಡವೆಯ ಚಿತ್ರ ತುಂಬಿ ಗುಂಡಿ ಒತ್ತಿದ. ಮಷೀನು ಟಕಟಕಟಕ ಎಂದು ಓಡಿತು. ಓಸ್ಮೊ ಕೈಕಟ್ಟಿ ನಿಂತು ಮುಗುಳ್ನಕ್ಕ. ಸ್ವಲ್ಪ ಹೊತ್ತಿಗೆ ಟಕಟಕ ಹೋಗಿ ಗುರ್ರ್ ಎಂದಿತು. ಆಮೇಲೆ ಸದ್ದೇ ಇಲ್ಲ. ಮೇಲೆ ನೋಡಿದರೆ ಬಟ್ಟೆ ಸುಕ್ಕಾಗಿ, ಕಡವೆ ಹಲ್ಲುನೋವು ಬಂದ ಹಂದಿಯಂತಾಗಿತ್ತು. ಕೆಳಗೆ ನೋಡಿದರೆ ಅಡಿದಾರದ ಬಾಬಿನ್ ಸುತ್ತ ಗುಬ್ಬಿಗೂಡಿನಂಥ ದಾರದ ಗಂಟು!

"ಹಂದಿ ಯಾಕೆ ಹಾಕ್ತಿದೀಯ?" ಎಂದು ಸಿರ್ಕ್ಕಾ ಬಾಗಿಲಲ್ಲಿ ನಿಂತು ಕೇಳಿದಳು.

"ಅದು ಕಡವೆ!"

"ಪಾಪ, ಅದಕ್ಕೆ ಹೇಳು. ಅದಕ್ಕೂ ಗೊತ್ತಿದ್ದ ಹಾಗಿಲ್ಲ."

ಎರಡನೆಯ ಯತ್ನ ಭಾನುವಾರ ಬೆಳಿಗ್ಗೆ. ಸ್ನಾನದ ನಿಲುವಂಗಿಯಲ್ಲೇ ಕೂತು, ಈ ಸಲ ಕಣ್ಣು ಕೀಳದೆ ಕಾಯುತ್ತೇನೆಂದು ಮಷೀನಿನ ಮೇಲೆ ಬಗ್ಗಿದ. ರಿಂಗು ಅತ್ತಿತ್ತ ತಾನೇ ಓಡಾಡುವಾಗ ಅದರ ಹತ್ತಿರ ಸಡಿಲ ಬಟ್ಟೆ ಸುಳಿಯಬಾರದು. ಅದು ಕೈಪಿಡಿಯ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿತ್ತು. ಓದುವವರಿಗೆ! ನಿಲುವಂಗಿಯ ಸೊಂಟದ ಪಟ್ಟಿ ಮೆಲ್ಲಗೆ ಜಾರಿ ರಿಂಗಿನ ಅಡಿಗೆ ಹೋಯಿತು. ಓಸ್ಮೊ ನೋಡನೋಡುತ್ತಿದ್ದಂತೆ ಕಡವೆಯ ಎಡಗೊಂಬು ಬಟ್ಟೆಯನ್ನೂ ಪಟ್ಟಿಯನ್ನೂ ಸೇರಿಸಿ ಭದ್ರವಾಗಿ ಹೊಲಿದುಕೊಂಡುಬಿಟ್ಟಿತು. ಎಳೆದರೆ ಮಷೀನೇ ಬರುತ್ತಿತ್ತು. ಅಷ್ಟರಲ್ಲಿ ಕರೆಗಂಟೆ. ಸಿರ್ಕ್ಕಾ ಸ್ನಾನಕ್ಕೆ ಹೋಗಿದ್ದಳು. ಬೇರೆ ದಾರಿಯಿಲ್ಲದೆ ಓಸ್ಮೊ ಮಷೀನನ್ನು ಎಳೆಗೂಸಿನಂತೆ ಎದೆಗವಚಿಕೊಂಡು ಹೋಗಿ ಬಾಗಿಲು ತೆರೆದ.

ಎದುರುಮನೆಯ ಲೆಂಪಿ ಅಜ್ಜಿ ಏಲಕ್ಕಿ ಬನ್ನಿನ ತಟ್ಟೆ ಹಿಡಿದು ನಿಂತಿದ್ದರು. ಮಷೀನನ್ನು ನೋಡಿದರು, ಅದರಿಂದ ಅವನ ಸೊಂಟಕ್ಕೆ ಹೋಗಿದ್ದ ಪಟ್ಟಿಯನ್ನು ನೋಡಿದರು.

"ಸಿರ್ಕ್ಕಾ ಕಟ್ಟಿಹಾಕಿದ್ದಾಳಾ?"

"ಇಲ್ಲ ಅಜ್ಜಿ, ನಾನೇ..."

"ನೀನೇ ಕಟ್ಟಿಕೊಂಡೆಯಾ!" ಎಂದು ಅವರು ತಟ್ಟೆಯನ್ನು ಮಷೀನಿನ ಮೇಲೇ ಇಟ್ಟು, ಹೆಚ್ಚು ವಿಚಾರಿಸದೆ ಹೊರಟುಹೋದರು.

ಹೊಲಿಗೆ ಬಿಚ್ಚಿ ಪಟ್ಟಿ ಬಿಡಿಸಿಕೊಂಡು, ಮೂರನೆಯ ಸಲ ಓಸ್ಮೊ ಜರಿ ದಾರ ಏರಿಸಿದ. ಅಪ್ಪಟ ತಾಮ್ರದ ಎಳೆ ಸುತ್ತಿ, ಮೇಲೆ ಬಂಗಾರದ ನೀರು ಹಾಕಿದ ದಾರ, ಅಂಗಡಿಯಲ್ಲೇ ಅತಿ ದುಬಾರಿಯದು. ಮಷೀನು ಅದನ್ನು ಕಂಡು ಕೆರಳಿತು. ದಾರ ಕಡಿಯಿತು. ಪೋಣಿಸಿದ. ಕಡಿಯಿತು. ಪೋಣಿಸಿದ. ಕಡಿಯಿತು. ಓಸ್ಮೊ ಮಷೀನಿಗೆ ಬೈದ, ಅಂಗಡಿಯವನಿಗೆ ಬೈದ, ಯಾವುದೋ ಕಾಡಿನಲ್ಲಿ ತನ್ನ ಪಾಡಿಗೆ ಎಲೆ ತಿನ್ನುತ್ತಿದ್ದ ಸಮಸ್ತ ಕಡವೆಗಳಿಗೂ ಬೈದ. ಕೊನೆಗೆ ಸಿಟ್ಟು ನೆತ್ತಿಗೇರಿ ವೇಗವನ್ನು ಪೂರ್ತಿ ಏರಿಸಿದ. ಟಣ್! ಸೂಜಿ ಮುರಿದು ಅದರ ಮೊನೆ ಅವನ ಮೂಗಿನ ಮುಂದೆ ಹಾರಿ, ಸಿರ್ಕ್ಕಾಳ ಕಾಫಿ ಲೋಟದಲ್ಲಿ ಬಿತ್ತು.

ಸಿರ್ಕ್ಕಾ ಲೋಟ ಕೆಳಗಿಟ್ಟಳು. ಎದ್ದು ಹೋಗಿ ಮಷೀನಿನ ಪ್ಲಗ್ಗು ಕಿತ್ತಳು.

"ಕಣ್ಣಿಗೆ ಬಿದ್ದಿದ್ರೆ?"

"ಬೀಳಲಿಲ್ಲವಲ್ಲ."

"ನಾಳೆ ನಿನ್ನ ಕಚೇರಿಗೆ ಯಾರಾದ್ರೂ ಬಂದು ಹೀಗೆ ಹೇಳಿದ್ರೆ ಏನಂತೀಯ?"

ಓಸ್ಮೊ ತಲೆ ತಗ್ಗಿಸಿದ. ಸಿರ್ಕ್ಕಾಳಿಗೆ ಉರಿದುಹೋಗಿತ್ತು. ಆದರೆ ಕೆಲಸ ಹಾಳಾಗುವುದನ್ನು ನೋಡುತ್ತ ಕೂರಲು ಅವಳಿಂದ ಆಗದು, ಮಷೀನು ಅವಳದು ಬೇರೆ. ಗಂಡನ ಕಣ್ಣಿಗೆ, ಚೂರು ಸಿಡಿದರೆ ತಡೆಯುವ ಬೇಟೆಯ ಕನ್ನಡಕ ಏರಿಸಿದಳು, ಅವನ ತೋಳು ಮಡಿಸಿದಳು, ನಿಲುವಂಗಿಯ ಪಟ್ಟಿ ಬಿಚ್ಚಿಸಿದಳು. "ಸೂಜಿ ಬದಲಾಯಿಸೋವಾಗ ಮಷೀನು ಆರಿಸಿರಬೇಕು. ಜರಿಗೆ ದೊಡ್ಡ ಕಣ್ಣಿನ ಸೂಜಿ ಬೇಕು, ಇಲ್ಲದಿದ್ರೆ ಉಜ್ಜಿ ಉಜ್ಜಿ ಕಡಿಯುತ್ತೆ. ಉರುಳೆನ ದೂರ ಇಡು, ದಾರ ಸಾವಕಾಶ ಬಿಚ್ಚಿಕೊಳ್ಳಲಿ. ಅಡಿಗೆ ಕಾಗದ. ವೇಗ ಕಮ್ಮಿ. ಮೊದಲು ಚಿಂದಿ ಬಟ್ಟೆ ಮೇಲೆ ಹಾಕಿ ನೋಡು. ಓಡ್ತಿರೋವಾಗ ಬೆರಳು ಒಳಗೆ ತೂರಿಸಬೇಡ. ತಿಳೀತಾ?"

"ತಿಳೀತು."

"ಏನು ತಿಳೀತು?"

"ಮುಟ್ಟಬಾರದು ಅಂತ."

ಆಗ ಬಂತು ನೋಡಿ ಕಡವೆ! ಊಟದ ತಟ್ಟೆಯಗಲದ ತಲೆ, ಮಿರಮಿರ ಮಿಂಚುವ ಕೊಂಬು, ಬೆರಳಾಡಿಸಿದರೆ ಕೈಗೆ ಹತ್ತುವಷ್ಟು ಒತ್ತಾದ ಜರಿ. ಸೂಜಿ ಮುರಿಯಲಿಲ್ಲ, ದಾರ ಕಡಿಯಲಿಲ್ಲ, ಯಾರ ಬೆರಳಿಗೂ ಒಂದು ಗೀರೂ ಆಗಲಿಲ್ಲ. ಸುರಕ್ಷತೆ ಎಂದರೆ ಅದು! ಸಿರ್ಕ್ಕಾ ಕೂಡ ಸೋತು ಹೇಳಿದಳು, "ಗೋಡೆಗೆ ಹಾಕಿದ್ರೆ ಅಪ್ಪ ದಿನಾ ನೋಡ್ತಾರೆ." ಮಷೀನು ಅಷ್ಟು ದಿನ ಹಟ ಹಿಡಿದದ್ದು ಯಾಲ್ಮಾರಿಯವರ ಮೇಲಿನ ಕರುಣೆಯಿಂದ ಎಂದು ಆಗ ಯಾರಿಗೆ ಗೊತ್ತಿತ್ತು?

ಹುಟ್ಟುಹಬ್ಬ ಶನಿವಾರವೇ ಬಿದ್ದಿತ್ತು. ಮೊದಲು ಗಂಡಸರ ಸೌನಾ, ಆಮೇಲೆ ಸಂಘದವರನ್ನೆಲ್ಲ ಕರೆದು ಕಾಫಿ, ಕೇಕು, ಭಾಷಣ. ಸೌನಾಕ್ಕೆ ಬೆಂಕಿ ಹಾಕುವ ಕೆಲಸವನ್ನು ಓಸ್ಮೊ ಮೈಮೇಲೆ ಎಳೆದುಕೊಂಡ. ಬರ್ಚ್ ಮರದ ಸೌದೆಯನ್ನು ಧಾರಾಳವಾಗಿ ತುರುಕಿದ. ಆಮೇಲೆ, ಮಾವ ಒಳಗೆ ಕಾಲಿಟ್ಟ ಕೂಡಲೇ ಕಣ್ಣು ಕೋರೈಸಲಿ ಎಂದು, ಆಸನವಸ್ತ್ರವನ್ನು ಮೇಲಿನ ಹಲಗೆಯಲ್ಲಿ, ಒಲೆಗೆ ತೀರಾ ಹತ್ತಿರದಲ್ಲಿ ಹಾಸಿ ಬಂದ. ಅಲ್ಲಿ ಅದು ಒಲೆಯ ಎದುರು ಮಲಗಿದ ಬೆಕ್ಕಿನಂತೆ ಬಹಳ ಹೊತ್ತು ನೆಮ್ಮದಿಯಾಗಿ ಬಿಸಿ ಕಾಯಿಸಿಕೊಂಡಿತು.

ಮೂವರೂ ಬಟ್ಟೆ ಕಳಚಿ ಒಳಗೆ ಬಂದರು. ರೂಢಿಯಂತೆ ಉಂಗುರ, ಗಡಿಯಾರ, ಕೊರಳಸರ ಎಲ್ಲ ಹೊರಗೆ ತೆಗೆದಿಟ್ಟೇ ಬಂದಿದ್ದರು. ಯಾಲ್ಮಾರಿ ಮೇಲಿನ ಹಲಗೆ ಹತ್ತಿ ನಿಂತರು. ಮಬ್ಬು ಬೆಳಕಿನಲ್ಲಿ ಕಡವೆ ಧಗಧಗ ಹೊಳೆಯುತ್ತಿತ್ತು.

"ಹ್ಮ್," ಎಂದರು. ಆಮೇಲೆ ನಡೆದದ್ದನ್ನು ಓಸ್ಮೊ ಸಾಯುವವರೆಗೆ ಮರೆಯಲಾರ. ಅವರು ಮುಂದುವರಿಸಿದರು! "ಕೊಂಬು ಚೆನ್ನಾಗಿದೆ. ಯಾರ ಕೆಲಸ?"

"ನಂದೇ ಮಾವ," ಎಂದ ಓಸ್ಮೊ.

ಯಾಲ್ಮಾರಿ ಸೌಟು ಕೈಗೆತ್ತಿಕೊಂಡರು. ರೈಮೊನನ್ನು ನೋಡಿದರು, ಓಸ್ಮೊನನ್ನು ನೋಡಿದರು. ಅಣ್ಣನ ಜಾಗದ ಕಡೆ ಗದ್ದ ಆಡಿಸಿ ಓಸ್ಮೊನಿಗೆ ಸನ್ನೆ ಮಾಡಿದರು. ಓಸ್ಮೊ ಒಂದು ಕಾಲನ್ನು ನಡುಹಲಗೆಯ ಮೇಲಿಟ್ಟ. ಯಾಲ್ಮಾರಿ ಎಂಬತ್ತು ವರ್ಷದ ಗಾಂಭೀರ್ಯವನ್ನೆಲ್ಲ ಕೂಡಿಸಿಕೊಂಡು ಕಡವೆಯ ಮೇಲೆ ಆಸೀನರಾದರು.

ಫಿನ್ಲೆಂಡಿನ ಗಂಡಸು ಸೌನಾದಲ್ಲಿ ಕೂಗುವುದಿಲ್ಲ; ಎಂಥ ಶಾಖಕ್ಕೂ ಹಲ್ಲುಕಚ್ಚಿ ಕೂರುವುದೇ ಮರ್ಯಾದೆ. ಯಾಲ್ಮಾರಿಯೂ ಹಲ್ಲು ಕಚ್ಚಿದರು. ಅವರ ಮುಖ ಮೊದಲು ಬೀಟ್ರೂಟಾಯಿತು, ಆಮೇಲೆ ಸುಣ್ಣವಾಯಿತು. ಆಮೇಲೆ ಅವರು ಜೀವಮಾನವಿಡೀ ಉಳಿಸಿಟ್ಟಿದ್ದ ಅಷ್ಟೂ ಮಾತನ್ನು ಒಂದೇ ಉಸಿರಿನಲ್ಲಿ ಖರ್ಚು ಮಾಡಿದರು. ಅದರಲ್ಲಿ ಒಂದೂ ಇಲ್ಲಿ ಬರೆಯುವಂಥದ್ದಲ್ಲ. ಓಸ್ಮೊನ ಹೆಗಲ ಮೇಲಿಂದ ಹಾರಿ, ಬಾಗಿಲು ತಳ್ಳಿ, ದಂಡೆಯ ಹಲಗೆಸೇತುವೆಯ ಮೇಲೆ ಓಡಿದರು.

ಹೊರಗೆ ಜಗಲಿಯಲ್ಲಿ ಸಿರ್ಕ್ಕಾ ಮತ್ತು ಅವಳಮ್ಮ ಔನೆ ಬೇಯಿಸಿದ ಮೊಟ್ಟೆ ಹಿಸುಕಿ ಬೆಣ್ಣೆಗೆ ಕಲಸುತ್ತ ಕೂತಿದ್ದರು. ಔನೆ ತಲೆಯೆತ್ತಿದರು.

"ನಿಮ್ಮಪ್ಪ ಓಡೋದನ್ನ ನೋಡಿ ಎಷ್ಟು ವರ್ಷ ಆಗಿತ್ತು! ಮಂಡಿನೋವು ಹೋಯ್ತು ಅನ್ನಿಸುತ್ತೆ."

"ಅಮ್ಮಾ, ಅಪ್ಪನ ಹಿಂಭಾಗ ನೋಡು. ಅದೇನದು?"

ಔನೆ ಕನ್ನಡಕ ಸರಿಮಾಡಿಕೊಂಡರು. "ಕಡವೆ," ಎಂದರು ನಿಧಾನವಾಗಿ. "ಒಂದು ಕೊಂಬು ಎಡಗಡೆ, ಒಂದು ಬಲಗಡೆ. ಚೆನ್ನಾಗಿ ಬಂದಿದೆ."

ಯಾಲ್ಮಾರಿ ದೊಪ್ಪೆಂದು ಸರೋವರಕ್ಕೆ ಬಿದ್ದರು. ಟವೆಲು ಸುತ್ತಿಕೊಂಡು ಓಡಿಬಂದ ಓಸ್ಮೊನ ಎದುರು ಸಿರ್ಕ್ಕಾ ಮೊಟ್ಟೆಯ ಸೌಟು ಹಿಡಿದು ನಿಂತಳು.

"ಗೋಡೆಗೆ ಅಂದಿದ್ದೆ?"

"ಅಂದಿದ್ದೆ, ಆದರೆ..."

"ಯಾವ ಗೋಡೆ ಹೀಗೆ ಓಡುತ್ತೆ? ಹೇಳು! ಉಂಗುರ ಸುಡುತ್ತೆ ಅಂತ ತೆಗೆದಿಡೋ ಬುದ್ಧಿ ಇದೆ. ಅಷ್ಟಗಲ ತಾಮ್ರನ ಎಂಬತ್ತರ ಮುದುಕರ ಅಡಿಗೆ ಹಾಸೋವಾಗ ಆ ಬುದ್ಧಿನ ಎಲ್ಲಿಟ್ಟಿದ್ದೆ?"

"ಮಷೀನಿನ ಸುರಕ್ಷತೆಯ ಕಡೆ ಗಮನ ಇತ್ತು..."

"ಮಷೀನು ಸುರಕ್ಷಿತವಾಗಿದೆ ಮಹಾರಾಯ! ಮುದುಕರು ನೀರಲ್ಲಿದ್ದಾರೆ!"

ಅವರು ಅಲ್ಲಿಂದ ಏಳಲು ಬಹಳ ಹೊತ್ತು ಒಪ್ಪಲಿಲ್ಲ. ಕುತ್ತಿಗೆಯವರೆಗೆ ನೀರಿನಲ್ಲಿ ನಿಂತು ಆಚೆ ದಂಡೆಯನ್ನು ನೋಡುತ್ತಿದ್ದರು. ಗಾಯ ದೊಡ್ಡದೇನಲ್ಲ, ಬೊಬ್ಬೆಯಿಲ್ಲ, ಕೆಂಪಗೆ ಅಚ್ಚು ಬಿದ್ದಿದೆ ಅಷ್ಟೆ ಎಂದು ರೈಮೊ ಹೋಗಿ ಪರೀಕ್ಷಿಸಿ ಬಂದ. ಬಂದವನು ಓಸ್ಮೊನ ಕಿವಿಯಲ್ಲಿ ಹೇಳಿದ, "ಭಾವ, ನಾನು ತಂದಿದ್ದು ಬರೀ ಗರಗಸ. ನಿಮ್ಮ ಉಡುಗೊರೆ ನೋಡಿ, ಮಾವ ಎಲ್ಲಿಗೆ ಹೋದರೂ ಜೊತೆಗೇ ಬರುತ್ತೆ."

ಸಂಜೆ ಕಾಫಿಗೆ ಜನ ಸೇರಿದರು. ಯಾಲ್ಮಾರಿ ಸೂಟು ತೊಟ್ಟು ಮೇಜಿನ ತುದಿಯಲ್ಲಿ ಸೆಟೆದು ನಿಂತರು. ಹುಟ್ಟುಹಬ್ಬದವರು ನಿಂತಿರುವಾಗ ಅತಿಥಿಗಳು ಕೂರುವುದು ಹೇಗೆ? ಎಲ್ಲರೂ ನಿಂತರು. ಬಟ್ಟಲು ತಟ್ಟೆ ಒಂದು ಕೈಯಲ್ಲಿ, ಕೇಕು ಇನ್ನೊಂದರಲ್ಲಿ, ಚಮಚ ಹಿಡಿಯಲು ಮೂರನೆಯ ಕೈಯಿಲ್ಲದೆ ಇಡೀ ಸಂಘ ಒದ್ದಾಡಿತು. ಅಧ್ಯಕ್ಷರು ಭಾವುಕರಾಗಿ ಭಾಷಣ ಬಿಗಿದರು. "ನೋಡಿ ಸ್ನೇಹಿತರೇ, ಎಂಬತ್ತಾದರೂ ಕೂರದ ಮನುಷ್ಯ! ಇವರನ್ನ ನೋಡಿ ನಾವೆಲ್ಲ ಕಲೀಬೇಕು!" ಚಪ್ಪಾಳೆಯೋ ಚಪ್ಪಾಳೆ. ಯಾಲ್ಮಾರಿ ಓಸ್ಮೊನನ್ನೇ ನೋಡುತ್ತಿದ್ದರು. ಅವನು ಕೇಕನ್ನು ಅಗಿಯದೆ ನುಂಗಿದ.

ಮೇಲಿನ ಹಲಗೆಯ ಮಾತು ಯಾರೂ ಎತ್ತಲಿಲ್ಲ. ಕಾಲು ಎತ್ತಿ ಇಟ್ಟೂ ಆಗಿತ್ತು, ಮಾವ ಇನ್ನೊಂದು ಗಳಿಗೆ ತಡೆದಿದ್ದರೆ ಕೂತೂ ಆಗುತ್ತಿತ್ತು ಎಂದು ಓಸ್ಮೊ ಆ ವಾರವಿಡೀ ಕೈ ಹಿಸುಕಿಕೊಂಡ. ಇನ್ನು ಈ ಜನ್ಮದಲ್ಲಿ ತನ್ನ ಜಾಗ ಬಕೆಟ್ಟಿನ ಪಕ್ಕವೇ. ಬಕೆಟ್ಟಾದರೂ ಕ್ಷಮಿಸಿದರೆ ಸಾಕು!

ಮುಂದಿನ ಶನಿವಾರ ಬರುವುದಿಲ್ಲವೆಂದು ಹೊಟ್ಟೆನೋವಿನ ನೆಪ ತೆಗೆದ. ಸಿರ್ಕ್ಕಾ ಬಿಡಲಿಲ್ಲ. "ಅಪ್ಪನೇ ಫೋನು ಮಾಡಿದ್ರು. ಓಸ್ಮೊ ಬರಲಿ ಅಂದ್ರು."

"ದನಿ ಹೇಗಿತ್ತು?"

"ಮೂರು ಮಾತು ಒಟ್ಟಿಗೆ ಆಡಿದ್ರು. ನನಗೇ ಭಯ ಆಯ್ತು."

ಸೌನಾ ಅಂದೂ ಚೆನ್ನಾಗಿ ಕಾದಿತ್ತು. ಬೆಂಕಿ ಹಾಕಿದ್ದು ಖುದ್ದು ಯಾಲ್ಮಾರಿ. ಅವರು ತಮ್ಮ ಹಳೆಯ ಚೀಲದಂಥ ಬಟ್ಟೆಯನ್ನು ಹಾಸಿಕೊಂಡು, ಮೇಲೆ ಒಂದು ತಲೆದಿಂಬನ್ನೂ ಇಟ್ಟುಕೊಂಡು, ಹುಷಾರಾಗಿ ಕೂತಿದ್ದರು. ಓಸ್ಮೊ ಬೆಕ್ಕಿನ ಹೆಜ್ಜೆಯಲ್ಲಿ ಬಂದು ಕೆಳಗಿನ ಹಲಗೆಯಲ್ಲಿ ಕೂತ.

"ಅಲ್ಲಲ್ಲ," ಎಂದರು ಯಾಲ್ಮಾರಿ. "ಮೇಲೆ ಬಾ. ಆಡಿದ ಮಾತಿಗೆ ತಪ್ಪೋನಲ್ಲ ನಾನು. ಅಣ್ಣನ ಜಾಗ ಇನ್ಮೇಲೆ ನಿಂದು."

ಓಸ್ಮೊನ ಎದೆ ಉಬ್ಬಿತು. ಕಣ್ಣು ಒದ್ದೆಯಾಯಿತು. ನಡುಹಲಗೆಯಲ್ಲಿ ರೈಮೊ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಇಷ್ಟು ವರ್ಷದ ಆಸೆ! ಓಸ್ಮೊ ಪಟ್ಟಾಭಿಷೇಕಕ್ಕೆ ಹೊರಟವನಂತೆ ಒಂದೊಂದೇ ಹಲಗೆ ಏರಿದ. ಮೇಲೆ ನೋಡಿದರೆ ಅಣ್ಣನ ಜಾಗದಲ್ಲಿ, ಔನೆಯವರು ಒಗೆದು ಇಸ್ತ್ರಿ ಮಾಡಿದ ಜರಿಯ ಕಡವೆ ಅಚ್ಚುಕಟ್ಟಾಗಿ ಹಾಸಿತ್ತು. ಅದು ಆಗಲೇ ಬಹಳ ಹೊತ್ತಿನಿಂದ ಅಲ್ಲಿದ್ದ ಹಾಗೆ ಕಂಡಿತು.

"ಮಾವ... ಇದು ಬಿಸಿ ಇರಬಹುದು."

"ಇರುತ್ತೆ."

"ಬೇರೆ ಬಟ್ಟೆ..."

"ಕೂರ್ತೀಯೋ, ರೈಮೊನ್ನ ಕರೀಲೋ?"

ರೈಮೊ ಆಸೆಯಿಂದ ತಲೆಯೆತ್ತಿದ. ಅದನ್ನು ಕಂಡಮೇಲೆ ಇನ್ನು ಯೋಚಿಸುವುದೇನಿದೆ? ಓಸ್ಮೊ ಕಣ್ಣುಮುಚ್ಚಿ ಕೂತ. ಯಾಲ್ಮಾರಿ ಸೌಟನ್ನು ಅವನ ಕೈಗಿತ್ತರು. ಓಸ್ಮೊ ಸರೋವರದ ಕಡೆ ಓಡುವಾಗಲೂ ಸೌಟನ್ನು ಮಾತ್ರ ಬಿಡಲಿಲ್ಲ.

ಆ ಸಂಜೆ ಅವನು ಮಂಚದ ಮೇಲೆ ಬೋರಲು ಮಲಗಿದ್ದ, ಸಿರ್ಕ್ಕಾ ಮುಲಾಮು ಹಚ್ಚುತ್ತಿದ್ದಳು. ನೋವಿದ್ದರೂ ಅವನ ಮುಖದಲ್ಲಿ ಗೆದ್ದವನ ಕಳೆಯಿತ್ತು.

"ಏನಾದ್ರೂ ಹೇಳು ಸಿರ್ಕ್ಕಾ. ಮೇಲಿನ ಹಲಗೆ ಸಿಕ್ಕಿತು! ಹೆಮ್ಮೆ ಅನ್ನಿಸಲ್ವಾ?"

ಸಿರ್ಕ್ಕಾ ದೀಪ ಹತ್ತಿರ ಎಳೆದು, ಬಗ್ಗಿ ನೋಡಿ, ನಿಟ್ಟುಸಿರು ಬಿಟ್ಟಳು.

"ಎಡಗೊಂಬು ಬಿದ್ದೇ ಇಲ್ಲ, ಮೂತಿ ಸೊಟ್ಟ. ಅಪ್ಪಂದು ಎಷ್ಟು ಅಚ್ಚುಕಟ್ಟಾಗಿ ಬಂದಿತ್ತು! ನಿನಗೆ ನೆಟ್ಟಗೆ ಕೂರೋಕೂ ಬರಲ್ಲ."